ವೈರಸ್ ಅಡಗಿದೆ, ಸಿಡಿ4 ಏಕೆ ಏರುತ್ತಿಲ್ಲ?

[ಪರದೆಯ ಮೇಲೆ ಎರಡು ರಕ್ತಪರೀಕ್ಷೆಯ ವರದಿಗಳು ಅಕ್ಕಪಕ್ಕದಲ್ಲಿ. ಹೆಸರುಗಳನ್ನು ಮರೆಮಾಡಲಾಗಿದೆ.]

ನಮಸ್ಕಾರ. ಇಂದಿನ ವಿಡಿಯೋ ಹುಟ್ಟಿದ್ದು ವೀಕ್ಷಕರೊಬ್ಬರ ಪತ್ರದಿಂದ. ಅವರು ಯಾರೆಂದು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಅವರ ತಂದೆಗೆ 61 ವರ್ಷ. ಎರಡು ವರ್ಷದ ಹಿಂದೆ ಎಚ್‌ಐವಿ ಸೋಂಕು ಪತ್ತೆಯಾಗಿ ಚಿಕಿತ್ಸೆ ಆರಂಭವಾಯಿತು. ಈಗ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬುದರ ವರದಿಯಲ್ಲಿ ಪ್ರತಿ ಸಲವೂ ‘ಪತ್ತೆಯಾಗಿಲ್ಲ’ ಎಂದೇ ಬರುತ್ತಿದೆ. ಆದರೆ ಸಿಡಿ4 ಎಣಿಕೆ 280ರ ಆಸುಪಾಸಿನಲ್ಲಿ ನಿಂತುಬಿಟ್ಟಿದೆ. ಅದೇ ತಿಂಗಳು ಅವೇ ಮಾತ್ರೆಗಳನ್ನು ಆರಂಭಿಸಿದ 26ರ ಯುವಕನೊಬ್ಬನ ಎಣಿಕೆ 700 ದಾಟಿದೆ. ಪತ್ರದ ಕೊನೆಯಲ್ಲಿ ಹೀಗೆ ಬರೆದಿದ್ದರು: ‘ಅಪ್ಪ ಮಾತ್ರೆ ತಪ್ಪಿಸುತ್ತಿದ್ದಾರೆ ಎಂದು ಮನೆಯವರಿಗೆಲ್ಲ ಅನುಮಾನ. ಅವರು ಇಲ್ಲವೆನ್ನುತ್ತಾರೆ. ನಾವು ಯಾವುದನ್ನು ನಂಬಬೇಕು?’

ಈ ಕೊನೆಯ ಪ್ರಶ್ನೆ ನನ್ನ ನಿದ್ದೆ ಕೆಡಿಸಿತು. ಉತ್ತರ ಹುಡುಕುತ್ತಾ ಹೋದಾಗ ನಾನು ತಲುಪಿದ್ದು ಎದೆಮೂಳೆಯ ಹಿಂದೆ ಅಡಗಿರುವ, ಬಹಳ ಮಂದಿ ಹೆಸರೂ ಕೇಳಿರದ ಒಂದು ಗ್ರಂಥಿಯ ಬಳಿಗೆ.

ಮೂಲಪಾಠವನ್ನು ಬೇಗ ಮುಗಿಸೋಣ. ಸಿಡಿ4 ಕೋಶಗಳು ಬಿಳಿ ರಕ್ತಕಣಗಳ ಒಂದು ಬಗೆ. ಯಾವ ರೋಗಾಣು ಬಂದಿದೆ, ಯಾರು ಹೋರಾಡಬೇಕು ಎಂದು ಉಳಿದ ರಕ್ಷಕ ಕೋಶಗಳಿಗೆ ಸೂಚನೆ ಕೊಡುವುದು ಇವುಗಳ ಕೆಲಸ. ಎಚ್‌ಐವಿ ಹೊಕ್ಕು ಹಾಳುಗೆಡವುವುದು ಇವುಗಳನ್ನೇ. ಆರೋಗ್ಯವಂತ ವಯಸ್ಕರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ 500ರಿಂದ 1500 ಸಿಡಿ4 ಕೋಶಗಳಿರುತ್ತವೆ. ಸೋಂಕಿತರಲ್ಲಿ ಅದು 200ಕ್ಕಿಂತ ಕೆಳಗಿಳಿದರೆ ಏಡ್ಸ್ ಹಂತ. 1996ರ ಹೊತ್ತಿಗೆ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಎಆರ್‌ಟಿ ಚಿಕಿತ್ಸೆ ಬಳಕೆಗೆ ಬಂತು. ಅದು ವೈರಸ್ಸಿನ ಸಂತತಿ ಬೆಳೆಯದಂತೆ ತಡೆಯುತ್ತದೆ. ಇಷ್ಟು ಸಾಕು.

ಈಗ ಒಂದು ತೂತಾದ ಕೊಡವನ್ನು ಕಲ್ಪಿಸಿಕೊಳ್ಳಿ. ನೀರೆಂದರೆ ಸಿಡಿ4 ಕೋಶಗಳು, ತೂತೆಂದರೆ ಎಚ್‌ಐವಿ. ಮಾತ್ರೆ ತೂತನ್ನು ಮುಚ್ಚುತ್ತದೆ. ಆ ಕೆಲಸವನ್ನು ಅದು 26ರ ದೇಹದಲ್ಲೂ 61ರ ದೇಹದಲ್ಲೂ ಒಂದೇ ರೀತಿ ಮಾಡುತ್ತದೆ. ಆದರೆ ತೂತು ಮುಚ್ಚಿದ ಮಾತ್ರಕ್ಕೆ ಕೊಡ ತುಂಬುತ್ತದೆಯೇ? ನೀರು ಎಲ್ಲಿಂದಾದರೂ ಬರಬೇಕು. ಹಾಗಾದರೆ ಒರತೆ ಎಲ್ಲಿದೆ?

[ಪರದೆಯ ಮೇಲೆ: ಸಿಡಿ4 ಏರಿಕೆಯ ರೇಖೆ. ಮೊದಲು ಕಡಿದಾದ ಏರು, ಆಮೇಲೆ ನಿಧಾನದ ಏರು.]

ಚಿಕಿತ್ಸೆ ಆರಂಭಿಸಿದ ಮೊದಲ ಕೆಲವು ವಾರಗಳಲ್ಲಿ ಎಣಿಕೆ ಸರಸರನೆ ಏರುತ್ತದೆ. ಮನೆಯವರೆಲ್ಲ ಸಂಭ್ರಮಪಡುವುದು ಆಗಲೇ. ಆದರೆ ಆ ಏರಿಕೆಯ ಬಹುಪಾಲು ಹೊಸ ಕೋಶಗಳಿಂದ ಆದದ್ದಲ್ಲ. ಸೋಂಕಿನ ಗಲಾಟೆಯಲ್ಲಿ ದುಗ್ಧಗ್ರಂಥಿಗಳೊಳಗೆ (ಲಿಂಫ್ ನೋಡ್, ರಕ್ಷಕ ಕೋಶಗಳು ನೆಲೆಸುವ ಗಂಟುಗಳು) ಸಿಕ್ಕಿಕೊಂಡಿದ್ದ ಹಳೆಯ, ಅನುಭವಿ ಕೋಶಗಳು ವೈರಸ್ ತಣ್ಣಗಾದ ಮೇಲೆ ರಕ್ತಕ್ಕೆ ಮರಳಿ ಬರುತ್ತವೆ, ಅಷ್ಟೇ. ಕೆಲವು ತಿಂಗಳು ಕಳೆದ ಮೇಲೆ ರೇಖೆ ಬಾಗುತ್ತದೆ. ಅಲ್ಲಿಂದ ಮುಂದಿನದು ವರ್ಷಗಟ್ಟಲೆ ನಡೆಯುವ ನಿಧಾನದ ಕೆಲಸ. ಈ ಎರಡನೆಯ ಹಂತದಲ್ಲೇ ಕಿರಿಯರ ಮತ್ತು ಹಿರಿಯರ ದಾರಿ ಬೇರೆಯಾಗುವುದು.

ಎರಡನೆಯ ಹಂತದಲ್ಲಿ ಕೋಶಗಳು ಹೆಚ್ಚಲು ಎರಡು ದಾರಿಗಳಿವೆ. ಇರುವ ಕೋಶವೇ ಒಡೆದು ಎರಡಾಗುವುದು ಒಂದು. ಹೊಚ್ಚಹೊಸ ಕೋಶ ಹುಟ್ಟಿ ಬರುವುದು ಇನ್ನೊಂದು. ಮೊದಲ ದಾರಿಯಲ್ಲಿ ಸಂಖ್ಯೆ ಬೆಳೆಯುತ್ತದೆ, ವೈವಿಧ್ಯ ಬೆಳೆಯುವುದಿಲ್ಲ. ಸಿಡಿ4 ಕೋಶಗಳು ಟಿ ಕೋಶಗಳೆಂಬ ಗುಂಪಿಗೆ ಸೇರಿದವು. ನಮ್ಮ ಒಂದೊಂದು ಟಿ ಕೋಶವೂ ಕೆಲವೇ ಬಗೆಯ ಶತ್ರುಗಳನ್ನು ಗುರುತಿಸಬಲ್ಲದು. ಅದೇ ಕೋಶದ ಸಾವಿರ ನಕಲುಗಳಿದ್ದರೂ ಅವೆಲ್ಲ ಗುರುತಿಸುವುದು ಅದೇ ಶತ್ರುವನ್ನು. ಹೊಸ ಶತ್ರುವನ್ನು ಗುರುತಿಸಲು ಹೊಸ ಕೋಶವೇ ಬೇಕು. ಆ ಹೊಸ ಕೋಶ ಮೂಳೆಯ ಮಜ್ಜೆಯಲ್ಲಿ ಬೀಜರೂಪದಲ್ಲಿ ಹುಟ್ಟಿ, ಪಕ್ವವಾಗುವುದು ಥೈಮಸ್ ಎಂಬ ಗ್ರಂಥಿಯಲ್ಲಿ.

ಥೈಮಸ್ ಇರುವುದು ಎದೆಮೂಳೆಯ ಹಿಂಬದಿಯಲ್ಲಿ, ಹೃದಯದ ಮೇಲ್ಭಾಗದಲ್ಲಿ. ಅದೊಂದು ನಿರ್ದಾಕ್ಷಿಣ್ಯ ಪಾಠಶಾಲೆ. ಒಳಗೆ ಹೋದ ಎಳೆ ಕೋಶಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಹೊರಗೆ ಬರುವುದೇ ಇಲ್ಲ. ಕೆಲಸಕ್ಕೆ ಬಾರದವು ಅಲ್ಲೇ ಸಾಯುತ್ತವೆ, ನಮ್ಮ ದೇಹದ ಮೇಲೆಯೇ ಎರಗುವ ಸ್ವಭಾವದವು ಕೂಡ ಅಲ್ಲೇ ಸಾಯುತ್ತವೆ. ಇಷ್ಟು ಮುಖ್ಯವಾದ ಅಂಗ, ಆದರೆ ನಮ್ಮ ದೇಹದಲ್ಲಿ ಎಲ್ಲಕ್ಕಿಂತ ಮೊದಲು ಮುದಿಯಾಗುವ ಅಂಗಗಳಲ್ಲೂ ಇದು ಒಂದು. ಅದರೊಳಗೆ ನಿಜವಾಗಿ ಕೆಲಸ ಮಾಡುವ ಭಾಗ ಮಧ್ಯವಯಸ್ಸಿನವರೆಗೆ ವರ್ಷಕ್ಕೆ ಸುಮಾರು ಶೇಕಡಾ 3ರಂತೆ, ಆಮೇಲೆ ಸುಮಾರು ಶೇಕಡಾ 1ರಂತೆ ಕುಗ್ಗುತ್ತಾ ಹೋಗುತ್ತದೆ. ತೆರವಾದ ಜಾಗವನ್ನು ಕೊಬ್ಬು ತುಂಬಿಕೊಳ್ಳುತ್ತದೆ.

ಇಲ್ಲಿ ಒಂದು ಹಳೆಯ ಕಥೆ ಹೇಳಲೇಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಹಠಾತ್ತಾಗಿ ತೀರಿಕೊಂಡ ಶಿಶುಗಳ ಶವಪರೀಕ್ಷೆ ಮಾಡಿದ ವೈದ್ಯರಿಗೆ ಥೈಮಸ್ ತೀರಾ ದೊಡ್ಡದಾಗಿದೆ ಎನ್ನಿಸಿತು. ಅದು ಊದಿಕೊಂಡು ಉಸಿರನ್ನು ಒತ್ತಿ ಕೊಂದಿದೆ ಎಂದು ತೀರ್ಮಾನಿಸಿದರು. ಮುನ್ನೆಚ್ಚರಿಕೆಯೆಂದು ಆರೋಗ್ಯವಾಗಿದ್ದ ಸಾವಿರಾರು ಮಕ್ಕಳ ಎದೆಗೆ ಎಕ್ಸ್‌ರೇ ಹಾಯಿಸಿ ಥೈಮಸ್ಸನ್ನು ಕುಗ್ಗಿಸಿದರು. ದಶಕಗಳ ನಂತರ ಆ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಂಡಿತು.

ತಪ್ಪಾದದ್ದು ಎಲ್ಲಿ ಗೊತ್ತೇ? ಸಹಜ ಥೈಮಸ್ ಎಷ್ಟಿರಬೇಕೆಂದು ಅವರು ತಿಳಿದದ್ದು ಅಂಗರಚನಾಶಾಸ್ತ್ರದ ಮೇಜಿಗೆ ಬರುತ್ತಿದ್ದ ಶವಗಳಿಂದ. ಆ ಶವಗಳು ಬಡವರವು. ಹಸಿವಿನಿಂದ, ದೀರ್ಘ ಕಾಯಿಲೆಯಿಂದ ಸೊರಗಿ ಸತ್ತವರವು. ಹಸಿವು, ಕಾಯಿಲೆ, ಒತ್ತಡ ಇವೆಲ್ಲ ಥೈಮಸ್ಸನ್ನು ಒಣಗಿಸುತ್ತವೆ. ಬಡತನ ಕುಗ್ಗಿಸಿದ್ದ ಗ್ರಂಥಿಯನ್ನು ವೈದ್ಯಶಾಸ್ತ್ರ ‘ಸಹಜ’ ಎಂದು ಬರೆದುಕೊಂಡಿತು. ಹಾಗಾಗಿ ಚೆನ್ನಾಗಿ ಉಂಡು ಬೆಳೆದ ಮಗುವಿನ ಗ್ರಂಥಿ ರೋಗವಾಗಿ ಕಂಡಿತು. ಇದನ್ನು ಓದಿದ ದಿನ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ತಪ್ಪು ವ್ಯಕ್ತಿಯೊಂದಿಗೆ ಹೋಲಿಸಿ ನೋಡಿದರೆ ಎಂಥ ಅನಾಹುತವಾಗುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಪತ್ರದಲ್ಲಿದ್ದ ತಂದೆಯನ್ನೂ ನಾವು 26ರ ಯುವಕನೊಂದಿಗೆ ಹೋಲಿಸುತ್ತಿದ್ದೇವೆ.

ಥೈಮಸ್ಸಿನ ನಿಜವಾದ ಕೆಲಸ ಗೊತ್ತಾದದ್ದು 1961ರಲ್ಲಿ. ಜ್ಯಾಕ್ ಮಿಲ್ಲರ್ ಎಂಬ ವಿಜ್ಞಾನಿ ಆಗತಾನೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದಾಗ, ಅವು ಸೋಂಕುಗಳನ್ನು ಎದುರಿಸಲಾರದೆ ಸೊರಗಿದವು, ಬೇರೆ ಇಲಿಯ ಚರ್ಮವನ್ನು ಕಸಿ ಮಾಡಿದರೂ ಅದನ್ನು ತಿರಸ್ಕರಿಸಲಿಲ್ಲ. ಪರಕೀಯವನ್ನು ಗುರುತಿಸುವ ಶಕ್ತಿಯೇ ಅವುಗಳಲ್ಲಿ ಬೆಳೆದಿರಲಿಲ್ಲ. ಆದರೂ ವಯಸ್ಕರಲ್ಲಿ ಈ ಗ್ರಂಥಿ ಸತ್ತಂತೆಯೇ ಎಂಬ ನಂಬಿಕೆ ಬಹುಕಾಲ ಉಳಿದಿತ್ತು. ಅದನ್ನು ಅಲುಗಾಡಿಸಿದ್ದು ಒಂದು ಪುಟ್ಟ ಉಂಗುರ. ಇವತ್ತಿನ ವಿಡಿಯೋದಲ್ಲಿ ನನಗೆ ಅತಿ ಪ್ರಿಯವಾದ ವಿಷಯ ಇದೇ, ಹಾಗಾಗಿ ಸ್ವಲ್ಪ ಹೊತ್ತು ಇಲ್ಲೇ ಕೂರುತ್ತೇನೆ.

[ಪರದೆಯ ಮೇಲೆ: ಡಿಎನ್‌ಎ ಎಳೆಯಿಂದ ಒಂದು ತುಂಡು ಕತ್ತರಿಸಿ ಬಿದ್ದು ಉಂಗುರವಾಗುವ ಚಿತ್ರ]

ಪ್ರಶ್ನೆ ಹೀಗಿತ್ತು: ರಕ್ತದಲ್ಲಿ ಓಡಾಡುವ ಒಂದು ಟಿ ಕೋಶ ಥೈಮಸ್ಸಿನಿಂದ ಹೊಸದಾಗಿ ಬಂದದ್ದೋ, ಅಥವಾ ಹಳೆಯದೊಂದರ ನಕಲೋ ಎಂದು ತಿಳಿಯುವುದು ಹೇಗೆ? ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ದರ್ಜಿಯೊಬ್ಬ ಬಟ್ಟೆ ಕತ್ತರಿಸಿ ಅಂಗಿ ಹೊಲಿಯುವುದನ್ನು ನೆನೆಸಿಕೊಳ್ಳಿ. ಕತ್ತರಿಸಿದಾಗ ಚೂರುಗಳು ಉಳಿಯುತ್ತವೆ. ಈ ದರ್ಜಿ ಉಳಿದ ಒಂದು ಚೂರನ್ನು ಸುತ್ತಿ ಅದೇ ಅಂಗಿಯ ಜೇಬಿನಲ್ಲಿಡುತ್ತಾನೆ. ಥೈಮಸ್ಸಿನಲ್ಲಿ ನಡೆಯುವುದೂ ಹೀಗೆಯೇ. ಶತ್ರುವನ್ನು ಗುರುತಿಸುವ ತನ್ನ ಗ್ರಾಹಕವನ್ನು (ರಿಸೆಪ್ಟರ್) ತಯಾರಿಸಲು ಎಳೆಯ ಕೋಶ ತನ್ನದೇ ಡಿಎನ್‌ಎಯನ್ನು ಕತ್ತರಿಸಿ ಜೋಡಿಸುತ್ತದೆ. ಕತ್ತರಿಸಿ ಬಿದ್ದ ತುಂಡಿನ ಎರಡು ತುದಿಗಳು ಕೂಡಿಕೊಂಡು ಉಂಗುರವಾಗುತ್ತವೆ. ಆ ಉಂಗುರ ಕೋಶದೊಳಗೇ ಉಳಿಯುತ್ತದೆ. ಅದಕ್ಕೆ ವಿಜ್ಞಾನಿಗಳು ಟ್ರೆಕ್ ಎಂದು ಹೆಸರಿಟ್ಟಿದ್ದಾರೆ.

ಸೊಗಸು ಇರುವುದು ಮುಂದೆ. ಕೋಶ ಒಡೆದು ಎರಡಾಗುವಾಗ ಉಳಿದೆಲ್ಲ ಡಿಎನ್‌ಎಯ ಪ್ರತಿ ತಯಾರಾಗುತ್ತದೆ, ಈ ಉಂಗುರದ್ದು ಮಾತ್ರ ತಯಾರಾಗುವುದಿಲ್ಲ. ಎರಡು ಮರಿಕೋಶಗಳಲ್ಲಿ ಒಂದಕ್ಕೆ ಮಾತ್ರ ಉಂಗುರ ಸಿಗುತ್ತದೆ. ನಾಲ್ಕಾದರೂ ಒಂದಕ್ಕೇ. ಹತ್ತು ಸಲ ಒಡೆದು 1024 ಕೋಶಗಳಾದರೂ ಉಂಗುರ ಇರುವುದು ಅವುಗಳಲ್ಲಿ ಒಂದರಲ್ಲಿ. ದರ್ಜಿಯ ಕೈಯಿಂದ ನೇರವಾಗಿ ಬಂದ ಅಂಗಿಯ ಜೇಬಿನಲ್ಲಿ ಚೂರು ಇದೆ, ನಕಲುಗಳ ಜೇಬು ಖಾಲಿ. ರಕ್ತದ ಒಂದು ಮಾದರಿಯಲ್ಲಿ ಎಷ್ಟು ಉಂಗುರಗಳಿವೆ ಎಂದು ಎಣಿಸಿದರೆ ಥೈಮಸ್ ಇನ್ನೂ ದುಡಿಯುತ್ತಿದೆಯೇ ಎಂಬ ಅಂದಾಜು ಸಿಗುತ್ತದೆ. ಎದೆ ಕೊಯ್ಯಬೇಕಿಲ್ಲ, ಗ್ರಂಥಿಯನ್ನು ಮುಟ್ಟಬೇಕಿಲ್ಲ. ಕೋಶವು ಬಿಸಾಡಬಹುದಾಗಿದ್ದ ಕಸವೇ ಅದರ ಜನ್ಮಪತ್ರವಾಯಿತು. ಈ ಎಣಿಕೆಯನ್ನು ಮೊದಲು ಯೋಚಿಸಿದವರ ಬುದ್ಧಿಗೆ ನಾನು ತಲೆಬಾಗುತ್ತೇನೆ.

1998ರಲ್ಲಿ ಡೇನಿಯಲ್ ಡುವೆಕ್ ಮತ್ತು ಸಂಗಡಿಗರು ಈ ಉಂಗುರಗಳನ್ನು ಬೇರೆ ಬೇರೆ ವಯಸ್ಸಿನವರ ರಕ್ತದಲ್ಲಿ ಅಳೆದರು. ವಯಸ್ಸು ಏರಿದಂತೆ ಉಂಗುರಗಳು ಕಡಿಮೆಯಾದವು, ಅದು ನಿರೀಕ್ಷಿತವೇ. ಆದರೆ ಇಳಿವಯಸ್ಸಿನವರಲ್ಲೂ ಅವು ಪೂರ್ತಿ ಮಾಯವಾಗಿರಲಿಲ್ಲ! ಒರತೆ ಸಣ್ಣಗಾಗಿದೆ, ಬತ್ತಿಲ್ಲ. ಎಚ್‌ಐವಿ ಸೋಂಕಿತರಲ್ಲಿ ಉಂಗುರಗಳು ಇನ್ನೂ ಕಡಿಮೆಯಿದ್ದವು, ಚಿಕಿತ್ಸೆ ಆರಂಭವಾದ ಮೇಲೆ ಅನೇಕರಲ್ಲಿ ಮತ್ತೆ ಹೆಚ್ಚಿದವು. ಒಂದು ತೊಡಕನ್ನೂ ಹೇಳಿಬಿಡಬೇಕು. ಉರಿಯೂತದಿಂದ ಕೋಶಗಳು ಬೇಗಬೇಗ ಒಡೆಯುತ್ತಿದ್ದರೂ ಉಂಗುರದ ಪ್ರಮಾಣ ತೆಳುವಾಗುತ್ತದೆ. ಆದ್ದರಿಂದ ಉಂಗುರ ಕಡಿಮೆಯಾದಾಗಲೆಲ್ಲ ಥೈಮಸ್ಸೇ ಸೋತಿದೆ ಎಂದು ಹೇಳಲಾಗದು. ಈ ಆಕ್ಷೇಪವನ್ನು ವಿಜ್ಞಾನಿಗಳೇ ಎತ್ತಿದರು, ಅಂದಿನಿಂದ ಅಳತೆಯನ್ನು ಹೆಚ್ಚು ಎಚ್ಚರದಿಂದ ಓದುತ್ತಾರೆ.

ಸಿಡಿ4 ಚೇತರಿಕೆಗೂ ಥೈಮಸ್ಸಿಗೂ ಇರುವ ನಂಟಿಗೆ ಎಚ್‌ಐವಿಯ ಆಚೆಯಿಂದಲೂ ಒಂದು ಸಾಕ್ಷಿಯಿದೆ. 1995ರಲ್ಲಿ ಕ್ಯಾನ್ಸರ್‌ಗೆ ಕೀಮೋಥೆರಪಿ ಪಡೆದ ಮಕ್ಕಳನ್ನೂ ಯುವಕರನ್ನೂ ಗಮನಿಸಿದ ಒಂದು ಅಧ್ಯಯನ ಪ್ರಕಟವಾಯಿತು. ಕೀಮೋಥೆರಪಿ ಸಿಡಿ4 ಕೋಶಗಳನ್ನು ಗುಡಿಸಿ ಹಾಕಿತ್ತು. ಆರು ತಿಂಗಳ ನಂತರ ನೋಡಿದರೆ, ವಯಸ್ಸು ಕಡಿಮೆಯಿದ್ದಷ್ಟೂ ಚೇತರಿಕೆ ಚೆನ್ನಾಗಿತ್ತು. ಚೆನ್ನಾಗಿ ಚೇತರಿಸಿಕೊಂಡವರ ಎದೆಯ ಸ್ಕ್ಯಾನ್‌ನಲ್ಲಿ ಥೈಮಸ್ ಮತ್ತೆ ಉಬ್ಬಿ ಬೆಳೆದದ್ದು ಕಾಣುತ್ತಿತ್ತು. ಅಲ್ಲಿ ವೈರಸ್ ಇರಲಿಲ್ಲ, ಎಆರ್‌ಟಿ ಮಾತ್ರೆಯ ಪ್ರಶ್ನೆಯೂ ಇರಲಿಲ್ಲ. ವಯಸ್ಸು ಮತ್ತು ಥೈಮಸ್ಸಿನ ನಂಟು ಅಲ್ಲಿ ಬರಿಗಣ್ಣಿಗೆ ಕಾಣುವಂತಿತ್ತು.

ಈಗ ಪತ್ರದ ಪ್ರಶ್ನೆಗೆ ನೇರವಾಗಿ ಬರೋಣ. ಯುರೋಪಿನ 33 ಅಧ್ಯಯನಗಳ ದತ್ತಾಂಶ ಕೂಡಿಸಿ, ಚಿಕಿತ್ಸೆ ಆರಂಭಿಸಿದ ಸುಮಾರು 50 ಸಾವಿರ ಮಂದಿಯನ್ನು ವಯಸ್ಸಿನ ಪ್ರಕಾರ ಹೋಲಿಸಿದ ವರದಿಯೊಂದು 2008ರಲ್ಲಿ ಬಂತು. ವೈರಸ್ಸನ್ನು ಅಡಗಿಸುವುದರಲ್ಲಿ 50 ದಾಟಿದವರು ಯುವಜನರಿಗಿಂತ ಒಂದು ಕೈ ಮೇಲೆಯೇ ಇದ್ದರು. ಸಿಡಿ4 ಏರಿಕೆಯಲ್ಲಿ ಮಾತ್ರ ಹಿಂದೆ ಉಳಿದರು. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಓದಿ. ತೂತನ್ನು ಚೆನ್ನಾಗಿ ಮುಚ್ಚಿದವರ ಕೊಡವೇ ನಿಧಾನವಾಗಿ ತುಂಬುತ್ತಿದೆ. ಹಿರಿಯರು ಮಾತ್ರೆಯ ವಿಷಯದಲ್ಲಿ ಅಸಡ್ಡೆ ಮಾಡುತ್ತಾರೆಂಬ ಅನುಮಾನಕ್ಕೆ ಇಲ್ಲಿ ಆಧಾರವೇ ಇಲ್ಲ.

ಥೈಮಸ್ಸೊಂದೇ ಕಾರಣವೆಂದು ಹೇಳಿ ನಿಲ್ಲಿಸಿದರೆ ಅದೂ ತಪ್ಪಾದೀತು. ಹೊಸ ಕೋಶ ಹುಟ್ಟಿದರೆ ಸಾಲದು, ಅದು ಬದುಕಿ ಬಾಳಲು ನೆಲೆ ಬೇಕು. ಆ ನೆಲೆಯೇ ದುಗ್ಧಗ್ರಂಥಿ. ವರ್ಷಗಟ್ಟಲೆ ಚಿಕಿತ್ಸೆಯಿಲ್ಲದೆ ಉಳಿದ ಸೋಂಕು ಅಲ್ಲಿನ ಮೆದುವಾದ ಜಾಲವನ್ನು ಗಾಯದ ಕಲೆಯಂಥ ನಾರಿನಿಂದ ತುಂಬುತ್ತದೆ. ಟಿ ಕೋಶಗಳನ್ನು ಬದುಕಿಸುವ ಸಂಕೇತಗಳು ಹೊರಡುವುದು ಆ ಜಾಲದಿಂದಲೇ. ಕರುಳಿನ ಕಥೆ ಇನ್ನೂ ಕಠಿಣ. ಸೋಂಕು ತಗುಲಿದ ಮೊದಲ ವಾರಗಳಲ್ಲೇ ಎಚ್‌ಐವಿ ಕರುಳಿನ ಗೋಡೆಯಲ್ಲಿರುವ ಸಿಡಿ4 ಕೋಶಗಳನ್ನು ಭಾರಿ ಪ್ರಮಾಣದಲ್ಲಿ ನಾಶ ಮಾಡುತ್ತದೆ. ಗೋಡೆ ಸೋರತೊಡಗಿ ಬ್ಯಾಕ್ಟೀರಿಯಾದ ಅಂಶಗಳು ರಕ್ತಕ್ಕೆ ಇಳಿಯುತ್ತವೆ, ಆರದ ಉರಿಯೂತ ಒಳಗೇ ಹೊಗೆಯಾಡುತ್ತದೆ. ವೃದ್ಧಾಪ್ಯವೂ ತನ್ನ ಪಾಲಿನ ಉರಿಯೂತವನ್ನು ತರುತ್ತದೆ. ಎರಡೂ ಸೇರಿದ ಮೇಲೆ ದೇಹಕ್ಕೆ ಬಿಡುವೆಲ್ಲಿ?

ಆದ್ದರಿಂದ ವಯಸ್ಸಿನಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ಮುಖ್ಯವಾಗುವ ಸಂಗತಿ ಇನ್ನೊಂದಿದೆ: ಚಿಕಿತ್ಸೆ ಆರಂಭಿಸುವ ಹೊತ್ತಿಗೆ ಸಿಡಿ4 ಎಷ್ಟು ಕೆಳಗಿಳಿದಿತ್ತು? 50 ದಾಟಿದವರಲ್ಲಿ ಸೋಂಕು ಪತ್ತೆಯಾಗುವುದೇ ತಡವಾಗಿ. ತೂಕ ಇಳಿದರೆ ಕ್ಯಾನ್ಸರ್ ಇರಬಹುದೆಂದು ಪರೀಕ್ಷೆ, ಕೆಮ್ಮಿದರೆ ಶ್ವಾಸಕೋಶದ ಪರೀಕ್ಷೆ, ಮರೆವು ಬಂದರೆ ವಯಸ್ಸಾಯಿತು ಎಂಬ ಸಮಾಧಾನ. ಎಚ್‌ಐವಿ ಪರೀಕ್ಷೆ ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಹಿರಿಯರಿಗೂ ದಾಂಪತ್ಯವಿದೆ, ಪ್ರೀತಿಯಿದೆ, ದೇಹವಿದೆ ಎಂಬುದನ್ನು ಒಪ್ಪಿಕೊಳ್ಳಲು ನಮಗಿರುವ ಸಂಕೋಚವೇ ಅವರ ಸಿಡಿ4 ಕೋಶಗಳನ್ನು ಬಲಿ ತೆಗೆದುಕೊಳ್ಳುತ್ತಿದೆ. ಇದನ್ನು ನಾನು ಪೂರ್ತಿ ನಂಬಿಕೆಯಿಂದ ಹೇಳುತ್ತಿದ್ದೇನೆ. ಬೇಗ ಆರಂಭಿಸಿದರೆ ಏನಾಗುತ್ತದೆ ಎಂಬುದಕ್ಕೆ 2015ರ ಸ್ಟಾರ್ಟ್ ಪ್ರಯೋಗ ಉತ್ತರ ಕೊಟ್ಟಿದೆ. ಸಿಡಿ4 ಇನ್ನೂ 500ಕ್ಕಿಂತ ಮೇಲಿದ್ದ 4685 ಮಂದಿಯಲ್ಲಿ, ಕಾಯದೆ ಕೂಡಲೇ ಮಾತ್ರೆ ಆರಂಭಿಸಿದವರಿಗೆ ಗಂಭೀರ ಕಾಯಿಲೆ ಅಥವಾ ಸಾವಿನ ಅಪಾಯ ಶೇಕಡಾ 57ರಷ್ಟು ಕಡಿಮೆಯಾಯಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ, ಎಣಿಕೆ ಎಷ್ಟೇ ಇರಲಿ, ಸೋಂಕಿತರೆಲ್ಲರಿಗೂ ಚಿಕಿತ್ಸೆ ಕೊಡಬೇಕೆಂದಿತು.

ಹಾಗಾದರೆ ಔಷಧಿ ಕೊಟ್ಟು ಸಿಡಿ4 ಸಂಖ್ಯೆಯನ್ನೇ ಏರಿಸಿದರೆ ಆಗದೇ? ಪ್ರಯತ್ನಿಸಿದ್ದಾರೆ. ಇಂಟರ್‌ಲ್ಯೂಕಿನ್-2 ಎಂಬ ಸಂಕೇತ ಪ್ರೋಟೀನನ್ನು ಎಆರ್‌ಟಿ ಜೊತೆಗೆ ಕೊಟ್ಟು ನೋಡಿದ ಎಸ್ಪ್ರಿಟ್ ಮತ್ತು ಸಿಲ್‌ಕಾಟ್ ಎಂಬ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2009ರಲ್ಲಿ ಬಂತು. ಐದು ಸಾವಿರಕ್ಕೂ ಹೆಚ್ಚು ಮಂದಿ ಭಾಗವಹಿಸಿದ್ದರು. ಸಿಡಿ4 ಏರಿತು, ಸಂದೇಹವಿಲ್ಲ. ಸೋಂಕುಗಳು ಕಡಿಮೆಯಾಗಲಿಲ್ಲ, ಸಾವುಗಳೂ ಕಡಿಮೆಯಾಗಲಿಲ್ಲ. ಇರುವ ಕೋಶಗಳ ನಕಲು ತುಂಬಿಸಿ ಸಂಖ್ಯೆ ಹೆಚ್ಚಿಸಿದರೆ ರಕ್ಷಣೆ ಹೆಚ್ಚಲೇಬೇಕೆಂದಿಲ್ಲ. ದರ್ಜಿಯನ್ನು ನೆನಪಿಸಿಕೊಳ್ಳಿ.

[ಪರದೆಯ ಮೂಲೆಯಲ್ಲಿ ಗಡಿಯಾರ]

ಸಮಯ ಓಡುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಶಿಶುಗಳಲ್ಲಿ ಥೈಮಸ್ ಬಲವಾಗಿದ್ದರೂ ಚಿಕಿತ್ಸೆಯಿಲ್ಲದಿದ್ದರೆ ಎಚ್‌ಐವಿ ಬಹುಬೇಗ ಕೊಲ್ಲುತ್ತದೆ. ದಕ್ಷಿಣ ಆಫ್ರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕೆಲವೇ ವಾರಗಳ ಕೂಸುಗಳಿಗೆ ತಡಮಾಡದೆ ಚಿಕಿತ್ಸೆ ಕೊಟ್ಟಾಗ ಸಾವು ಶೇಕಡಾ 76ರಷ್ಟು ಇಳಿಯಿತು. ಬೆಳವಣಿಗೆಯ ಹಾರ್ಮೋನು ಕೊಟ್ಟು ವಯಸ್ಕರ ಥೈಮಸ್ಸನ್ನು ಎಚ್ಚರಿಸಬಹುದು ಎಂದೂ 2008ರಲ್ಲಿ ಕಂಡುಬಂತು, ಆದರೆ ಕೀಲುನೋವು, ರಕ್ತದ ಸಕ್ಕರೆ ಏರುವುದು ಮುಂತಾದ ತೊಂದರೆಗಳಿಂದಾಗಿ ಅದು ದಿನನಿತ್ಯದ ಚಿಕಿತ್ಸೆಯಾಗಲಿಲ್ಲ. ವಯಸ್ಕರ ಥೈಮಸ್ ಬೇಡದ ಅಂಗವೆಂಬ ನಂಬಿಕೆಗೆ 2023ರಲ್ಲಿ ಇನ್ನೊಂದು ಪೆಟ್ಟು ಬಿತ್ತು: ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ತೆಗೆಸಿಕೊಂಡ ವಯಸ್ಕರಲ್ಲಿ ಐದು ವರ್ಷಗಳೊಳಗೆ ಸತ್ತವರು ಶೇಕಡಾ 8.1, ಬೇರೆ ಎದೆಯ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಶೇಕಡಾ 2.8.

ಇನ್ನು 280ರಲ್ಲಿ ನಿಂತವರ ಆರೈಕೆ. 200ಕ್ಕಿಂತ ಕೆಳಗಿದ್ದಾಗ ಸೋಂಕು ತಡೆಯಲು ಕೋಟ್ರಿಮಾಕ್ಸಜೋಲ್‌ನಂಥ ಮಾತ್ರೆ ಬೇಕಾಗುತ್ತದೆ. ಅದನ್ನು ದಾಟಿ, ವೈರಸ್ಸೂ ಅಡಗಿದ್ದರೆ ಆ ಬಗೆಯ ಸೋಂಕುಗಳ ಭಯ ಬಹಳ ಕಡಿಮೆ. ಅಪಾಯ ಪೂರ್ತಿ ಹೋಗಿದೆ ಎಂದು ನಾನು ಹೇಳುವುದಿಲ್ಲ. ಎಣಿಕೆ ಚೆನ್ನಾಗಿ ಏರಿದವರಿಗಿಂತ ಇವರ ಮೇಲೆ ಹೆಚ್ಚು ಕಣ್ಣಿಡಬೇಕು, ಅದರಲ್ಲೂ ಹೃದಯ, ಮೂತ್ರಪಿಂಡ, ಮೂಳೆ, ಕ್ಯಾನ್ಸರ್ ಇವುಗಳ ಬಗ್ಗೆ. 40ರಿಂದ 75ರ ವಯಸ್ಸಿನ ಸೋಂಕಿತರ ಮೇಲೆ ನಡೆದ ರಿಪ್ರೀವ್ ಪ್ರಯೋಗದಲ್ಲಿ, ಕೊಲೆಸ್ಟ್ರಾಲ್ ಇಳಿಸುವ ಪಿಟವಾಸ್ಟಾಟಿನ್ ಮಾತ್ರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಅನಾಹುತಗಳನ್ನು ಶೇಕಡಾ 35ರಷ್ಟು ತಗ್ಗಿಸಿತು. ಅದು 2023ರ ಸುದ್ದಿ. ಸಿಗರೇಟು ಬಿಡುವುದು, ಸಲ್ಲುವ ಲಸಿಕೆಗಳನ್ನು ಹಾಕಿಸಿಕೊಳ್ಳುವುದು, ಬೇರೆ ಕಾಯಿಲೆಗಳಿಗೆ ತೆಗೆದುಕೊಳ್ಳುವ ಎಲ್ಲ ಔಷಧಿಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸುವುದು, ಇವನ್ನು ಮುಂದಿನ ಭೇಟಿಯಲ್ಲೇ ಕೇಳಿ. ಸಿಡಿ4 ಏರಲಿಲ್ಲವೆಂದು ಮಾತ್ರೆಯನ್ನು ನೀವಾಗಿ ಬದಲಿಸಬೇಡಿ, ನಿಲ್ಲಿಸಲೂ ಬೇಡಿ.

[ಮತ್ತೆ ಮೊದಲಿನ ವರದಿ. ಈ ಬಾರಿ ವೈರಲ್ ಲೋಡ್ ಸಾಲಿನ ಮೇಲೆ ಬೆಳಕು.]

ಈಗ ಪತ್ರ ಬರೆದವರಿಗೆ. ನಿಮ್ಮ ತಂದೆ ಮಾತ್ರೆ ನುಂಗುತ್ತಿದ್ದಾರೋ ಇಲ್ಲವೋ ಎಂದು ತಿಳಿಯಲು ನೀವೆಲ್ಲ ನೋಡುತ್ತಿದ್ದದ್ದು ಸಿಡಿ4 ಸಾಲನ್ನು. ಆ ಸಾಲು ಹೇಳುವುದು ಅವರ ಥೈಮಸ್ಸಿನ ವಯಸ್ಸನ್ನು, ಅವರ ದುಗ್ಧಗ್ರಂಥಿಗಳು ಪಟ್ಟ ಪಾಡನ್ನು, ರೋಗ ಪತ್ತೆಯಾಗುವ ಮೊದಲು ಕಳೆದುಹೋದ ಕಾಲವನ್ನು. ಮಾತ್ರೆಯ ಲೆಕ್ಕ ಇರುವುದು ಅದರ ಪಕ್ಕದ ಸಾಲಿನಲ್ಲಿ. ಮಾತ್ರೆಗಳನ್ನು ಮತ್ತೆ ಮತ್ತೆ ತಪ್ಪಿಸುವವರ ರಕ್ತದಲ್ಲಿ ವೈರಸ್ ತಲೆಯೆತ್ತುತ್ತದೆ. ಎರಡು ವರ್ಷದಿಂದ ಪ್ರತಿ ಪರೀಕ್ಷೆಯಲ್ಲೂ ‘ಪತ್ತೆಯಾಗಿಲ್ಲ’ ಎಂದು ಬರಬೇಕಾದರೆ ಅವರು ಮಾತ್ರೆಗಳನ್ನು ಬಿಡದೆ ತೆಗೆದುಕೊಂಡಿದ್ದಾರೆ. ನಿಮ್ಮ ತಂದೆ ಹೇಳಿದ್ದು ನಿಜ. ಇವತ್ತೇ ಅವರ ಬಳಿ ಕುಳಿತು ಅದನ್ನು ಹೇಳಿ.